ಆಟಗಾರನನ್ನು ಹೊರಗೆ ಕೂರಿಸುವ ಅಧಿಕಾರ ಯಾರದು?

2023ರ ಜನವರಿ 2ರಂದು ಸಿನ್ಸಿನಾಟಿಯಲ್ಲಿ ನಡೆದ ಅಮೆರಿಕನ್ ಫುಟ್‌ಬಾಲ್ ಪಂದ್ಯದಲ್ಲಿ ಬಫಲೋ ಬಿಲ್ಸ್ ತಂಡದ ಡಮಾರ್ ಹ್ಯಾಮ್ಲಿನ್ ಹೃದಯಸ್ತಂಭನವಾಗಿ ಕುಸಿದರು. ಮೈದಾನದಲ್ಲೇ ಅವರ ಎದೆಯೊತ್ತಿ ಸಿಪಿಆರ್ ನೀಡಿದವರು ತಂಡದ ಸಹಾಯಕ ಅಥ್ಲೆಟಿಕ್ ಟ್ರೈನರ್, ಅಂದರೆ ಆಟ ಕಲಿಸುವವರಲ್ಲ, ಆಟಗಾರರ ಗಾಯ ಮತ್ತು ಆರೋಗ್ಯ ನೋಡಿಕೊಳ್ಳುವವರು, ಡೆನ್ನಿ ಕೆಲ್ಲಿಂಗ್ಟನ್. ಹ್ಯಾಮ್ಲಿನ್ ಬದುಕಿದರು, ಅದೇ ವರ್ಷ ಮತ್ತೆ ಆಡಿದರು. ಆಗ ಈ ವೃತ್ತಿಗೆ ಸಿಕ್ಕ ಮನ್ನಣೆ ನ್ಯಾಯವಾದದ್ದೇ. ಆದರೆ ಇವರ ಕೆಲಸದ ನಿಜವಾದ ಕಷ್ಟ ಟಿವಿಯಲ್ಲಿ ಕಾಣುವುದಿಲ್ಲ.

ಅಮೆರಿಕದ ವೈದ್ಯಕೀಯ ಸಂಘ ಅಥ್ಲೆಟಿಕ್ ಟ್ರೈನರ್‌ಗಳ ಕೆಲಸವನ್ನು ಆರೋಗ್ಯ ವೃತ್ತಿಯೆಂದು ಒಪ್ಪಿದ್ದು 1990ರಲ್ಲಿ. ಈಗ ಹೊಸದಾಗಿ ಬರುವವರಿಗೆ ಸ್ನಾತಕೋತ್ತರ ಪದವಿ ಬೇಕು, ಪ್ರಮಾಣೀಕರಣ ಮಂಡಳಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, ಬಹುತೇಕ ರಾಜ್ಯಗಳಲ್ಲಿ ಪರವಾನಗಿಯೂ ಕಡ್ಡಾಯ. ಗಾಯ ತಡೆಯುವುದರಿಂದ ಹಿಡಿದು ತುರ್ತು ಚಿಕಿತ್ಸೆ, ಪುನಶ್ಚೇತನದವರೆಗೆ ಎಲ್ಲವೂ ವೈದ್ಯರ ನಿರ್ದೇಶನದಡಿ ಇವರ ಹೊಣೆ.

ಇಷ್ಟೆಲ್ಲ ಓದಿದವರ ಮಾತನ್ನು ಮೈದಾನದಲ್ಲಿ ಕೇಳುವವರು ಯಾರು? ತಲೆಗೆ ಪೆಟ್ಟು ತಿಂದ ಹುಡುಗ ‘ಏನೂ ಆಗಿಲ್ಲ’ ಎನ್ನುತ್ತಾನೆ. ಕೋಚ್‌ಗೆ ಅವನು ಬೇಕು, ಪ್ರೇಕ್ಷಕರಿಗೂ ಬೇಕು. ‘ಇವತ್ತು ನೀನು ಆಡುವಂತಿಲ್ಲ’ ಎನ್ನಬೇಕಾದ ಟ್ರೈನರ್‌ನ ನೌಕರಿ ಅದೇ ಕೋಚ್‌ನ ಕೈಯಲ್ಲಿದ್ದರೆ? ಪದವಿ, ಪರವಾನಗಿ ಎರಡೂ ಅಲ್ಲಿ ಬಾಯಿ ಕಟ್ಟಿಸಿಕೊಂಡು ನಿಲ್ಲುತ್ತವೆ.

ಅರ್ಹತೆಯೊಂದೇ ಸಾಲದು ಎನ್ನಲು 2018ರ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಘಟನೆಯೇ ಸಾಕ್ಷಿ. ಅಭ್ಯಾಸದ ಓಟದಲ್ಲಿ ಅಲ್ಲಿನ ಫುಟ್‌ಬಾಲ್ ತಂಡದ 19 ವರ್ಷದ ಜೋರ್ಡನ್ ಮೆಕ್‌ನೇರ್‌ಗೆ ಶಾಖಾಘಾತವಾಯಿತು. ಇಂಥ ಹೊತ್ತಿನಲ್ಲಿ ಗುದದ್ವಾರದ ಮೂಲಕ ದೇಹದ ಒಳಗಿನ ಉಷ್ಣತೆ ಅಳೆದು, ತಡಮಾಡದೆ ತಣ್ಣೀರಿನ ತೊಟ್ಟಿಯಲ್ಲಿ ಮುಳುಗಿಸಬೇಕು. ಮೊದಲು ಮೈ ತಂಪಾಗಬೇಕು, ಆಮೇಲೆ ಆಸ್ಪತ್ರೆ. ಅಲ್ಲಿದ್ದ ಅಥ್ಲೆಟಿಕ್ ಟ್ರೈನಿಂಗ್ ಸಿಬ್ಬಂದಿ ಉಷ್ಣತೆಯನ್ನೂ ಅಳೆಯಲಿಲ್ಲ, ತಣ್ಣೀರಿನಲ್ಲೂ ಮುಳುಗಿಸಲಿಲ್ಲ. ಎರಡು ವಾರಗಳ ಬಳಿಕ ಆ ಹುಡುಗ ತೀರಿಕೊಂಡ. ಈ ಸಿಬ್ಬಂದಿಯ ತಪ್ಪಿಗೆ ವಿಶ್ವವಿದ್ಯಾಲಯ ನೈತಿಕ ಮತ್ತು ಕಾನೂನು ಹೊಣೆ ಹೊತ್ತಿತು. ಈ ವೃತ್ತಿಯ ಮೇಲೆ ಎಷ್ಟೇ ಗೌರವವಿದ್ದರೂ ಈ ವೈಫಲ್ಯವನ್ನು ನಾನು ಹಗುರಾಗಿ ನೋಡಲಾರೆ. ಕೆಲಸ ಗೊತ್ತಿರಬೇಕು, ಆ ಕೆಲಸವನ್ನು ದಿನವೂ ಅಭ್ಯಾಸದಲ್ಲಿಟ್ಟಿರಬೇಕು, ಬೇಕಾದಾಗ ತಂಡದ ಓಟ-ಆಟವನ್ನು ನಿಲ್ಲಿಸುವ ಧೈರ್ಯವೂ ಇರಬೇಕು. ಮೂರನೆಯದನ್ನು ಯಾವ ಪರೀಕ್ಷೆಯೂ ಅಳೆಯುವುದಿಲ್ಲ, ಅದನ್ನು ಸಂಸ್ಥೆಯೇ ಕೊಡಬೇಕು.

ಅಮೆರಿಕದ ಕಾಲೇಜು ಕ್ರೀಡೆಯನ್ನು ನಡೆಸುವ ಸಂಸ್ಥೆಯಾದ ಎನ್‌ಸಿಎಎಯ ನಿಯಮಗಳಲ್ಲಿ ವೈದ್ಯರು ಮತ್ತು ಟ್ರೈನರ್‌ಗಳ ವೈದ್ಯಕೀಯ ನಿರ್ಧಾರಕ್ಕೆ ಕೋಚ್ ಅಡ್ಡಬರುವಂತಿಲ್ಲ ಎಂದಿದೆ. ಒಳ್ಳೆಯದು. ಆದರೆ ಅಮೆರಿಕದ ಸುಮಾರು ಮೂರನೇ ಒಂದು ಭಾಗ ಪ್ರೌಢಶಾಲೆಗಳಲ್ಲಿ ಅಥ್ಲೆಟಿಕ್ ಟ್ರೈನರ್ ಸೇವೆಯೇ ಇಲ್ಲ. ಇರುವ ಕಡೆಯಲ್ಲಾದರೂ ಅವರು ಕ್ರೀಡಾ ವಿಭಾಗಕ್ಕಲ್ಲ, ವೈದ್ಯರಿಗೆ ಉತ್ತರ ಕೊಡುವಂತಿರಬೇಕು. ಮಕ್ಕಳನ್ನು ತಂಡಕ್ಕೆ ಸೇರಿಸುವ ತಂದೆತಾಯಿಗಳು ಶಾಲೆಯನ್ನು ನೇರವಾಗಿ ಕೇಳಲಿ: ಟ್ರೈನರ್ ಇದ್ದಾರೆಯೇ, ಇದ್ದರೆ ಅವರನ್ನು ಕೆಲಸದಿಂದ ತೆಗೆಯುವ ಅಧಿಕಾರ ಯಾರ ಬಳಿ ಇದೆ?