ಪಕ್ಕದ ಕುರ್ಚಿಯ ಡೌಟು

ನನಗೂ ಪಕ್ಕದ ಸಹೋದ್ಯೋಗಿಗೂ ನಡುವೆ ಇರುವುದು ಒಂದು ಗಿಡ್ಡ ಪಾರ್ಟಿಶನ್. ಕೈ ಚಾಚಿದರೆ ಅವನ ಟೀ ಲೋಟ ಸಿಗುತ್ತದೆ. ಆದರೂ ಮೊನ್ನೆ ಒಂದು ಸಣ್ಣ ಡೌಟು ಇಟ್ಟುಕೊಂಡು ನಾಲ್ಕು ಗಂಟೆ ಒದ್ದಾಡಿದೆ, ಅವನನ್ನು ಕೇಳಲಿಲ್ಲ.

ಸರ್ಕ್ಯೂಟ್ ಬೋರ್ಡಿನ ಮೇಲೆ ಕೂರಿಸಿದ್ದ ಟೆಂಪರೇಚರ್ ಸೆನ್ಸರ್ ಉಸಿರೇ ಎತ್ತುತ್ತಿರಲಿಲ್ಲ. ಮೊದಲು ಗೂಗಲ್ ಮಾಡಿದೆ. ಆಮೇಲೆ ಸೆನ್ಸರಿನ ವಿವರವೆಲ್ಲ ಇರುವ ಡೇಟಾಶೀಟ್, ಹಳೇ ಮೇಲ್‌ಗಳು. ಕೊನೆಗೆ ಎಐ. ಅದಕ್ಕೆ ಎಂಥ ಪೆದ್ದು ಪ್ರಶ್ನೆ ಕೇಳಿದರೂ 'ಒಳ್ಳೆಯ ಪ್ರಶ್ನೆ' ಅನ್ನುತ್ತದೆ. ಪಕ್ಕದವನು ಹಾಗಲ್ಲ, ಹುಬ್ಬು ಏರಿಸುತ್ತಾನೆ. ಹದಿನೈದು ವರ್ಷ ಸರ್ವೀಸ್ ಆದಮೇಲೆ ಆ ಹುಬ್ಬಿನ ಭಯ ಜಾಸ್ತಿಯೇ ಆಗಿದೆ.

ಎಂಜಿನಿಯರುಗಳ ಈ ಬುದ್ಧಿಯನ್ನೇ ಅಮೆರಿಕದ ಎಂಐಟಿಯಲ್ಲಿ ಥಾಮಸ್ ಅಲೆನ್ ಎಂಬುವರು ವರ್ಷಗಟ್ಟಲೆ ಕೂತು ನೋಡಿದ್ದರು. ಎಂಜಿನಿಯರು ಒಳ್ಳೆಯ ಮಾಹಿತಿ ಎಲ್ಲಿದೆ ಅಂತ ಹುಡುಕುವುದಿಲ್ಲ, ಸುಲಭವಾಗಿ ಎಲ್ಲಿ ಸಿಗುತ್ತದೋ ಅಲ್ಲಿಗೆ ಹೋಗುತ್ತಾನೆ ಎಂದು 1968ರಲ್ಲೇ ಬರೆದರು. ವಿಜ್ಞಾನಿಗಳಿಗೆ ಜರ್ನಲ್ ಬೇಕು, ಎಂಜಿನಿಯರಿಗೆ ಪಕ್ಕದ ಮನುಷ್ಯ ಸಾಕು. ಕುರ್ಚಿಗಳ ನಡುವಿನ ದೂರವನ್ನೂ ಅವರು ಬಿಡಲಿಲ್ಲ, ಅಳೆದರು. ದೂರ ಹೆಚ್ಚಿದಂತೆ ಕೆಲಸದ ಮಾತು ಸರ್ರನೆ ಇಳಿಯುತ್ತದೆ, 50 ಮೀಟರ್ ದಾಟಿದರೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ.

ಆ ಲೆಕ್ಕದಲ್ಲಿ ನಾನು ಮೊದಲು ಪಕ್ಕದವನನ್ನೇ ಕೇಳಬೇಕಿತ್ತು, ಅಲ್ವಾ? ಆದರೆ ಆಗ ಮೇಜಿನ ಮೇಲೆ ಗೂಗಲ್ ಇರಲಿಲ್ಲ. ಈಗ ಪಕ್ಕದವನಿಗಿಂತ ಹತ್ತಿರದ ನೆಂಟ ಅದೇ. ಅಲ್ಲಿಗೆ ಹೋದರೆ ಮಾನಕ್ಕೂ ಖರ್ಚಿಲ್ಲ.

ಕೊನೆಗೆ ಕೇಳಿಯೇ ಬಿಡೋಣ ಅಂತ ತಯಾರಾದೆ. ಬರಿಗೈಯಲ್ಲಿ ಹೋಗುವ ಹಾಗಿಲ್ಲ. 'ಅದು ನೋಡಿದ್ಯಾ, ಇದು ನೋಡಿದ್ಯಾ' ಅನ್ನುತ್ತಾನೆ. ಅದಕ್ಕೇ ಮಾಡಿದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆಯತೊಡಗಿದೆ. ಪವರ್ 3.3 ವೋಲ್ಟ್, ಸರಿ ಇದೆ. ಸೆನ್ಸರನ್ನು ಕರೆಯುವ ನಂಬರು, ಅಂದರೆ ಅಡ್ರೆಸ್, ಸರಿ ಇದೆ. ಪುಲ್‌ಅಪ್ ರೆಸಿಸ್ಟರ್ 4.7 ಕಿಲೋ ಓಮ್, ಹಾಕಿದ್ದೇನೆ. ಪೆನ್ನು ಅಲ್ಲೇ ನಿಂತಿತು. ಹಾಕಿದ್ದೇನಾ?

ಲೆನ್ಸ್ ಇಟ್ಟು ನೋಡಿದೆ. ರೆಸಿಸ್ಟರುಗಳು ಕೂರಬೇಕಾದ ಎರಡೂ ಜಾಗ ಖಾಲಿ, ಬೆಸುಗೆಯ ಪ್ಯಾಡುಗಳು ಫಳಫಳ ಹೊಳೆಯುತ್ತಿದ್ದವು. ಸೆನ್ಸರ್ ಮಾತಾಡುವುದು ಎರಡು ತಂತಿಗಳ ಮೇಲೆ. ಅವುಗಳ ವೋಲ್ಟೇಜನ್ನು ಚಿಪ್ಪುಗಳು ಕೆಳಕ್ಕೆ ಎಳೆಯಬಲ್ಲವು, ಅಷ್ಟೇ. ಮತ್ತೆ ಮೇಲೆತ್ತುವುದು ಆ ಪುಟ್ಟ ರೆಸಿಸ್ಟರಿನ ಕೆಲಸ. ಅದೇ ಇಲ್ಲದಿದ್ದರೆ ಪಾಪ ಸೆನ್ಸರ್ ಬಾಯಿ ಬಿಡುವುದಾದರೂ ಹೇಗೆ?

ಚೀಟಿ ಹರಿದು ಬುಟ್ಟಿಗೆ ಹಾಕಿದೆ. ಟೀಗೆ ಹೋದಾಗ ಕಥೆ ಹೇಳಿದರೆ ಅವನು ನಕ್ಕ. "ಸುಮ್ನೆ ಒಂದು ಮಾತು ಕೇಳಿದ್ರೆ ಎರಡು ನಿಮಿಷದ ಕೆಲಸ. ನಾನೇನು ಹುಲೀನಾ?"

ನಾಚಿಕೆಯಾಯಿತು. ಇನ್ನು ಮೇಲೆ ಕೇಳಿಬಿಡುವುದು ಅಂದುಕೊಂಡೆ.

ಮಾರನೇ ದಿನ ಮಧ್ಯಾಹ್ನ ಚಾಟ್ ತೆರೆದೆ. ಅವನ ಹೆಸರಿನ ಕೆಳಗೆ 'ಟೈಪ್ ಮಾಡುತ್ತಿದ್ದಾರೆ' ಅಂತ ಬಂತು. ಹೋಯಿತು. ಮತ್ತೆ ಬಂತು. ಹತ್ತು ನಿಮಿಷ ಕಾದೆ, ಮೆಸೇಜ್ ಮಾತ್ರ ಬರಲಿಲ್ಲ. ಪಾರ್ಟಿಶನ್ನಿನ ಆಚೆಯಿಂದ ಕೀಬೋರ್ಡಿನ ಟಕಟಕ ಕೇಳುತ್ತಲೇ ಇತ್ತು.