ಮತ್ತೆ ಜೋಡಿಸು ಅಂದರೆ ಮುಗಿಯಿತೇ?

ರೀಅಸೆಂಬಲ್ ಅಂದರೇನು ಅಂತ ಕೇಳಿದರೆ ಮತ್ತೆ ಜೋಡಿಸು ಅಂತ ಹೇಳಿ ಕೈ ತೊಳೆದುಕೊಳ್ಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ, ನಿಂತುಹೋದ ಅಲಾರಂ ಗಡಿಯಾರವೊಂದನ್ನು ಬಿಚ್ಚಿ ಪೇಪರಿನ ಮೇಲೆ ಹರಡಿಕೊಂಡು ಕೂರುವ ತನಕ. ಯಂತ್ರಗಳ ಕೈಪಿಡಿಗಳನ್ನು ನೋಡಿ. ಬಿಚ್ಚುವುದಕ್ಕೆ ಪುಟಗಟ್ಟಲೆ ಚಿತ್ರ, ಜೋಡಿಸುವುದಕ್ಕೆ ಎಷ್ಟೋ ಸಲ ಒಂದೇ ಸಾಲು: ಬಿಚ್ಚಿದ್ದನ್ನೇ ಉಲ್ಟಾ ಮಾಡಿ. ನನ್ನ ಗಡಿಯಾರದ ಸ್ಪ್ರಿಂಗ್ ಬಿಚ್ಚುವಾಗ ತಾನೇ ಹಾರಿ ಮಂಚದ ಕೆಳಗೆ ಹೋಯಿತು. ಉಲ್ಟಾ ಅಂದರೆ ಮಂಚದ ಕೆಳಗಿಂದ ತಾನೇ ಹಾರಿ ಬಂದು ಕೂರಬೇಕು, ಅಲ್ವಾ?

ಇಂಗ್ಲಿಷಿನಲ್ಲಿ ಈ ಪದ ಜನರಿಗೂ ಸಲ್ಲುತ್ತದೆ. ಊಟಕ್ಕೆ ಎದ್ದ ಸಭೆಯೂ ರೀಅಸೆಂಬಲ್ ಆಗುತ್ತದೆ, ಬಿಚ್ಚಿದ ಪಂಪೂ ಆಗುತ್ತದೆ. ನಾವು ಹಾಗೆ ಹೇಳುವುದಿಲ್ಲ. ಸಭೆ ತಾನೇ ಸೇರುತ್ತದೆ, ಪಂಪನ್ನು ಯಾರಾದರೂ ಜೋಡಿಸಬೇಕು. ಈ ವಿಷಯದಲ್ಲಿ ಕನ್ನಡವೇ ಜಾಣ ಅಂತ ನನ್ನ ಅಭಿಪ್ರಾಯ.

ಇನ್ನು ಆ ಪದದ ಮೊದಲಿಗಿರುವ 'ರೀ'. ಲ್ಯಾಟಿನ್‌ನಿಂದ ಬಂದ ಅದಕ್ಕೆ 'ಮತ್ತೆ' ಅನ್ನುವ ಅರ್ಥವೂ ಇದೆ, 'ಹಿಂದಕ್ಕೆ' ಅನ್ನುವ ಅರ್ಥವೂ ಇದೆ. ನಮ್ಮ 'ಮರಳಿ', 'ತಿರುಗಿ' ಕೂಡ ಹಾಗೇ: ಮರಳಿ ಬಂದ, ಮರಳಿ ಯತ್ನ ಮಾಡಿದ. ಅದಕ್ಕೇ ನನಗೆ 'ಮತ್ತೆ ಜೋಡಿಸು' ಅನ್ನುವುದಕ್ಕಿಂತ 'ಮರಳಿ ಜೋಡಿಸು' ಸರಿ ಅನ್ನಿಸುತ್ತದೆ. ಹೋದ ದಾರಿಯಲ್ಲೇ ವಾಪಸ್ ಬರಬೇಕು, ಅಂದರೆ ಹೋಗುವಾಗಲೇ ದಾರಿಯ ಗುರುತು ಇಟ್ಟುಕೊಂಡಿರಬೇಕು.

ಈಜಿಪ್ಟಿನ ಅಬು ಸಿಂಬೆಲ್‌ನಲ್ಲಿ ಹಾಗೇ ಮಾಡಿದರು. ಅಸ್ವಾನ್ ಅಣೆಕಟ್ಟಿನ ನೀರಲ್ಲಿ ಮುಳುಗಲಿದ್ದ ಗುಡಿಗಳನ್ನು 1964ರಿಂದ 1968ರವರೆಗೆ ಸಾವಿರಕ್ಕೂ ಜಾಸ್ತಿ ತುಂಡುಗಳಾಗಿ ಕೊಯ್ದು, ಒಂದೊಂದಕ್ಕೂ ನಂಬರ್ ಹಾಕಿ, ಸುಮಾರು 65 ಮೀಟರ್ ಮೇಲೆ ಮರಳಿ ಕಟ್ಟಿದರು. ಲಂಡನ್ ಬ್ರಿಡ್ಜ್ ಕಥೆ ಸ್ವಲ್ಪ ತಮಾಷೆ. 1831ರ ಆ ಸೇತುವೆ 1968ರಲ್ಲಿ ಒಬ್ಬ ಅಮೆರಿಕನ್ ಉದ್ಯಮಿಗೆ ಮಾರಾಟವಾಗಿ, ಕಲ್ಲು ಕಲ್ಲಿಗೂ ನಂಬರ್ ಬಿದ್ದು, ಹಡಗು ಹತ್ತಿ ಹೋಗಿ, 1971ರಲ್ಲಿ ಅರಿಜೋನಾದಲ್ಲಿ ಎದ್ದು ನಿಂತಿತು. ಆದರೆ ಒಳಗೆ ಹೊಸ ಕಾಂಕ್ರೀಟು, ಹಳೇ ಕಲ್ಲು ಬರೀ ಹೊರಗಿನ ಹೊದಿಕೆ. ಇದನ್ನು ರೀಅಸೆಂಬಲ್ ಅನ್ನಬೇಕೋ, ಹಳೇ ಅಂಗಿಯನ್ನು ಹೊಸಬನಿಗೆ ತೊಡಿಸಿದ್ದು ಅನ್ನಬೇಕೋ? ನಾನಂತೂ ಎರಡನೆಯದೇ ಅನ್ನುತ್ತೇನೆ.

ನನ್ನ ಗಡಿಯಾರ ಈಗ ನಡೆಯುತ್ತಿದೆ. ಸ್ಪ್ರಿಂಗ್ ಸಿಕ್ಕಿತು, ಅದರ ಜೊತೆಗೆ ಎಂದೋ ಕಳೆದಿದ್ದ ಒಂದು ಪೆನ್ನೂ ಸಿಕ್ಕಿತು. ಅಲಾರಂ ಮಾತ್ರ ಆರಕ್ಕೆ ಇಟ್ಟರೆ ಏಳೂ ಇಪ್ಪತ್ತಕ್ಕೆ ಹೊಡೆಯುತ್ತದೆ. ಅಲಾರಂನ ಆ ಚಿಕ್ಕ ಮುಳ್ಳನ್ನು ಕೀಳುವಾಗ ಅದು ಎಲ್ಲಿಗೆ ನಿಂತಿತ್ತು ಅಂತ ನಾನು ಗುರುತು ಹಾಕಿಕೊಂಡಿರಲಿಲ್ಲ.