ಬಾಟಲಿ ಉಸಿರಾಡುತ್ತಿದೆ, ಸದ್ದು ಮಾಡಬೇಡಿ

ಭಾನುವಾರ ಮನೆಯಲ್ಲಿ ಸೂಪ್ ಮಾಡಿದ್ದೆ. ಟೊಮೆಟೊ, ಬೆಳ್ಳುಳ್ಳಿ, ಕಾಳುಮೆಣಸು, ಅಷ್ಟೇ. ಊಟಕ್ಕೆ ಕರೆದಿದ್ದ ಗೆಳೆಯ ಕೆಂಪು ವೈನ್ ಬಾಟಲಿ ಹಿಡಿದು ಬಂದ. ಎರಡು ದಿನದ ವೈನ್ ತರಗತಿಗೆ ಹೋಗಿ ಬಂದ ಮೇಲೆ ಅವನು ಏನನ್ನೂ ಸುಮ್ನೆ ಕುಡಿಯುವುದಿಲ್ಲ. ಮೊದಲು ವೈನ್‌ಗೂ ಊಟಕ್ಕೂ ಜಾತಕ ಕೂಡಬೇಕು.

"ಸೂಪ್‌ನಲ್ಲಿ ಹುಳಿ ಎಷ್ಟಿದೆ?"

"ಟೊಮೆಟೊದಲ್ಲಿ ಇದ್ದಷ್ಟು."

ಉತ್ತರ ಹಿಡಿಸಲಿಲ್ಲ. ಬಿರಡೆ ತೆಗೆದು, "ಸ್ವಲ್ಪ ಗಾಳಿ ತಾಗಲಿ, ಉಸಿರಾಡಲಿ" ಅಂದ. ಬಾಟಲಿ ಉಸಿರಾಡುತ್ತಾ ಕೂತಿತು. ಬಟ್ಟಲಲ್ಲಿ ಸೂಪ್ ಕೊನೆಯುಸಿರು ಎಳೆಯತೊಡಗಿತು. ಆಮೇಲೆ ಥರ್ಮಾಮೀಟರ್ ಹೊರಬಂತು. ಕೆಂಪು ವೈನ್ 16ರಿಂದ 18 ಡಿಗ್ರಿಯಲ್ಲೇ ಇರಬೇಕಂತೆ. ಸೂಪ್ ಎಷ್ಟು ಡಿಗ್ರಿಯಲ್ಲಿರಬೇಕು ಅಂತ ಅವನ ತರಗತಿಯಲ್ಲಿ ಹೇಳಿಕೊಟ್ಟ ಹಾಗಿಲ್ಲ.

ಗ್ಲಾಸ್ ತಿರುಗಿಸಿ, ಮೂಗು ಒಳಗಿಟ್ಟು, ಕಣ್ಣು ಮುಚ್ಚಿದ. "ಹಳೆ ಚರ್ಮ... ಒದ್ದೆ ಎಲೆ... ಪೆನ್ಸಿಲ್." ನನ್ನ ಸೂಪ್‌ನಲ್ಲಿ ಹಳೆ ಚರ್ಮದ ವಾಸನೆ ಬಂದಿದ್ದರೆ ಪಾತ್ರೆ ಸಮೇತ ಬಿಸಾಡುತ್ತಿದ್ದೆವು. ವೈನ್‌ನಲ್ಲಿ ಬಂದರೆ ಅದು ಗುಣ!

ಫ್ರಾನ್ಸಿನ ಬೋರ್ಡೋ ವಿಶ್ವವಿದ್ಯಾಲಯದವರು ಈ ಮೂಗುಗಳನ್ನೇ ಪರೀಕ್ಷೆ ಮಾಡಿದ್ದರು. ಬಿಳಿ ವೈನ್‌ಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ, ವೈನ್ ವಿದ್ಯೆ ಓದುವ 54 ಮಂದಿಯ ಕೈಗೆ ಕೊಟ್ಟರು. ಅವರು ಕೆಂಪು ವೈನ್‌ಗೆ ಹೇಳುವ ಮಾತುಗಳನ್ನೇ ಹೇಳಿದರು. 2001ರಲ್ಲಿ ಅದು ಪ್ರಕಟವೂ ಆಯಿತು. ಆದರೂ ಮೂಗುಗಳ ಮಾನ ಹೋಗಲಿಲ್ಲ ನೋಡಿ. ಈಗ ಪಾಪ್‌ಕಾರ್ನ್‌ಗೂ ಜೋಡಿ ಹುಡುಕಿ ಕೊಡುವವರಿದ್ದಾರೆ.

ಶಾಸ್ತ್ರದಲ್ಲಿ ಹುರುಳೇ ಇಲ್ಲ ಅನ್ನಲಾರೆ. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವ ಟ್ಯಾನಿನ್ ಬಾಯನ್ನು ಒಗರು ಮಾಡುತ್ತದೆ, ಜಾಸ್ತಿ ಕುದಿಸಿದ ಚಹಾದ ಹಾಗೆ. ಸೂಪ್ ಖಾರವಾಗಿದ್ದರೆ ಆಲ್ಕೋಹಾಲ್ ಉರಿಯನ್ನು ಇನ್ನಷ್ಟು ಏರಿಸುತ್ತದೆ. ಆದರೆ ಇಷ್ಟು ತಿಳಿಯಲು ಒಂದು ಗುಟುಕು ಸಾಕಲ್ವಾ? ಸರ್ಟಿಫಿಕೇಟ್ ಯಾಕೆ?

ಫ್ರಾನ್ಸಿನ ನೈರುತ್ಯ ಭಾಗದ ಹಳ್ಳಿಗರು ಯಾರನ್ನೂ ಕೇಳಲಿಲ್ಲ. ಬಟ್ಟಲ ತಳದಲ್ಲಿ ಉಳಿದ ಬಿಸಿ ಸೂಪ್‌ಗೆ ಕೆಂಪು ವೈನ್ ಸುರಿದು, ಅಲ್ಲಾಡಿಸಿ, ಬಟ್ಟಲೆತ್ತಿ ಕುಡಿದರು. ಅದಕ್ಕೆ ಶಾಬ್ರೋ ಅಂತ ಹೆಸರೂ ಇದೆ. ನಾನೂ ಹಾಗೇ ಮಾಡಿದೆ. ಸೊರ್ರನೆ ಸದ್ದು ಬಂತು. ಗೆಳೆಯ ಮುಖ ಆಚೆ ತಿರುಗಿಸಿದ.

ಅಷ್ಟು ಹೊತ್ತಿಗೆ ಅವನ ಬಟ್ಟಲಲ್ಲಿ ಕೆನೆ ಕಟ್ಟಿತ್ತು. ಥರ್ಮಾಮೀಟರ್ ಅದ್ದಿ ನೋಡಿದೆ. ಕೆಂಪು ವೈನ್‌ಗೆ ಹೇಳಿ ಮಾಡಿಸಿದ ಬಿಸಿ ಬರಲು ಇನ್ನೇನು ಎರಡೇ ಡಿಗ್ರಿ ಬಾಕಿ ಇತ್ತು.